ಹಡಗಿನ ಊಟದಲ್ಲಿ ಎದುರು ಕುರ್ಚಿ ಯಾರದು ಎಂಬ ಬಗ್ಗೆ

ಕುಂದಾಣ ಕುಟುಂಬ ಪ್ರವಾಸ ತಂಡ
ಊಟೋಪಚಾರ ಮತ್ತು ಪಂಕ್ತಿ ಶಾಖೆ
ಬಿಡಾರ: ಹಡಗಿನ ಏಳನೇ ಮಹಡಿ, ಲಿಫ್ಟಿನ ಎಡಕ್ಕೆ

ಸಂಖ್ಯೆ: ಕುಕುಪ್ರತಂ/ಊಪಂ/ಸುತ್ತೋಲೆ-4/2023-24
ಸ್ಥಳ: ಸಮುದ್ರ
ದಿನಾಂಕ: ಪ್ರಯಾಣದ ಎರಡನೇ ದಿನ, ಮಧ್ಯಾಹ್ನ

ವಿಷಯ: ಹಡಗಿನ ರಾತ್ರಿ ಊಟಕ್ಕೆ ನಿಗದಿ ಮೇಜಿನ ಪದ್ಧತಿಯನ್ನು ಆರಿಸಿಕೊಳ್ಳುವುದೋ, ಇಷ್ಟ ಬಂದಾಗ ಇಷ್ಟ ಬಂದಲ್ಲಿ ಉಣ್ಣುವ ಪದ್ಧತಿಯನ್ನೇ ಮುಂದುವರಿಸುವುದೋ ಎಂಬ ಬಗ್ಗೆ.

ಓದಲಾಗಿದೆ:
(1) ಹಡಗಿನವರು ಬಾಗಿಲ ಸಂದಿಯಿಂದ ಒಳಗೆ ತೂರಿಸಿದ ಚೀಟಿ.
(2) ತಂಡದ ಹಿರಿಯರಾದ ಶ್ರೀ ರಾಮಾಂಜಿನಪ್ಪನವರ ಮೌಖಿಕ ಆದೇಶ.
(3) ಶ್ರೀ ಕೆಂಪರಾಜು ಅವರು ವಾಟ್ಸಾಪಿನಲ್ಲಿ ಕಳುಹಿಸಿದ ಧ್ವನಿ ಸಂದೇಶ.
(4) ಶ್ರೀಮತಿ ಆದಿಲಕ್ಷ್ಮಮ್ಮನವರು ಈ ಬಗ್ಗೆ ಏನನ್ನೂ ಹೇಳದೆ ಇರುವುದು.

ಪ್ರಸ್ತಾವನೆ:

ಹಗಲೂ ರಾತ್ರಿ ತಲೆಯ ಮೇಲೆ ವಿಮಾನ ಹಾರುವ ಊರಿನವರಾದ ತಂಡದ ಸದಸ್ಯರು, ಈ ಸಾಲಿನ ಪ್ರವಾಸಕ್ಕೆ ವಿಮಾನ ಹತ್ತುವ ಸಲಹೆಯನ್ನು "ಅದ್ನ ದಿನಾ ನೋಡ್ತೀವಲ್ಲ, ಅದ್ರಾಗೇನೈತೆ" ಎಂಬ ಕಾರಣ ನೀಡಿ ತಿರಸ್ಕರಿಸಿ, ಚೆನ್ನೈ ಬಂದರಿನಿಂದ ಹಡಗು ಹತ್ತಿರುತ್ತಾರೆ. ತಂಡದಲ್ಲಿ ಕುಂದಾಣದ ಕೃಷಿಕರಾದ ಶ್ರೀ ರಾಮಾಂಜಿನಪ್ಪ, ಅವರ ಪತ್ನಿ ಶ್ರೀಮತಿ ಮುನಿವೆಂಕಟಮ್ಮ, ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸದಲ್ಲಿರುವ ಅವರ ಮಗ ಶ್ರೀ ಕೆಂಪರಾಜು, ರಾಮಾಂಜಿನಪ್ಪನವರ ತಮ್ಮನೂ ದೊಡ್ಡಬಳ್ಳಾಪುರದ ನಿವೃತ್ತ ಶಿರಸ್ತೇದಾರರೂ ಆದ ಶ್ರೀ ಸಂಜೀವಪ್ಪ (ಇನ್ನು ಮುಂದೆ 'ಕೆಳಸಹಿದಾರರು'), ಹಾಗೂ ಕೆಳಸಹಿದಾರರ ಪತ್ನಿ ಶ್ರೀಮತಿ ಆದಿಲಕ್ಷ್ಮಮ್ಮ ಇರುತ್ತಾರೆ. ಈ ಶಾಖೆಯನ್ನು ಕೆಳಸಹಿದಾರರೇ ಸ್ಥಾಪಿಸಿದ್ದು, ಅದರ ಎಲ್ಲ ಹುದ್ದೆಗಳನ್ನೂ ಅವರೇ ಪ್ರಭಾರದಲ್ಲಿ ನಿರ್ವಹಿಸುತ್ತಿದ್ದಾರೆ.

ಮೇಲೆ ಓದಲಾದ (1)ರ ಚೀಟಿಯಂತೆ ಹಡಗಿನಲ್ಲಿ ರಾತ್ರಿ ಊಟಕ್ಕೆ ಎರಡು ದಾರಿಗಳಿವೆ. ನಿಗದಿ ಪದ್ಧತಿಯಲ್ಲಿ ದಿನವೂ ಅದೇ ವೇಳೆ, ಅದೇ ಮೇಜು, ಅದೇ ಕುರ್ಚಿ, ಅದೇ ಬಡಿಸುವವನು. ಎಲ್ಲರೂ ಒಟ್ಟಿಗೆ ಕೂರಬೇಕು. ಇಷ್ಟದ ಪದ್ಧತಿಯಲ್ಲಿ ಯಾರು ಯಾವಾಗ ಎಲ್ಲಿ ಬೇಕಾದರೂ ಉಣ್ಣಬಹುದು. ಇಂದು ಸಂಜೆಯೊಳಗೆ ಚೀಟಿ ತುಂಬಿ ಕೊಡದಿದ್ದಲ್ಲಿ ಇಷ್ಟದ ಪದ್ಧತಿಯೇ ಪ್ರವಾಸ ಮುಗಿಯುವವರೆಗೂ ಖಾಯಂ ಆಗುತ್ತದೆ.

ಈ ಬಗ್ಗೆ ಸದಸ್ಯರ ಅಭಿಪ್ರಾಯ ಪಡೆಯಲಾಯಿತು. ಶ್ರೀ ರಾಮಾಂಜಿನಪ್ಪನವರು "ಏನ್ಲಾ ಸಂಜೀವಾ, ಹೊಟ್ಟೆ ಹಸಿದಾಗ ಉಣ್ಣಕ್ಕೂ ಟೈಂಟೇಬಲ್ಲೇನ್ಲಾ? ಸುಮ್ಕಿರು" ಎಂದು ಆದೇಶಿಸಿದರು. ಶ್ರೀ ಕೆಂಪರಾಜು ಅವರು "ಫ್ಯಾಕ್ಟ್ರೀಲಿ ಸೈರನ್ ಹೊಡ್ದಾಗ್ಲೇ ಉಣ್ಬೇಕು ಚಿಕ್ಕಪ್ಪಾ, ಇಲ್ಲೂ ಸೈರನ್ನಾ? ಬಿಟ್ಬಿಡು ಗುರು" ಎಂದು ತಿಳಿಸಿರುತ್ತಾರೆ. ಮಾತಿನ ಭರದಲ್ಲಿ ಸ್ವಂತ ಚಿಕ್ಕಪ್ಪನನ್ನು 'ಗುರು' ಎಂದು ಕರೆದಿರುವುದನ್ನು ಪ್ರತ್ಯೇಕವಾಗಿ ಗಮನಿಸಲಾಗಿದೆ. ಶ್ರೀಮತಿ ಮುನಿವೆಂಕಟಮ್ಮನವರು "ನಂಗೆ ಮುದ್ದೆ ಸಿಕ್ಕಿದ್ರೆ ಯಾವಾಗಾದ್ರೂ ಆಯ್ತದೆ" ಎಂದಿರುವುದರಿಂದ ಅವರನ್ನೂ ಇಷ್ಟದ ಪಕ್ಷಕ್ಕೇ ಸೇರಿಸಿ ಎಣಿಸಲಾಗಿದೆ. ಹೀಗೆ ಬಹುಮತ ಕೆಳಸಹಿದಾರರ ವಿರುದ್ಧವಾಗಿದೆ. ಬಹುಮತವನ್ನು ಗೌರವಿಸುತ್ತಾ ಬದಿಗಿರಿಸಲಾಗಿದೆ. ಕಾರಣಗಳು ಈ ಕೆಳಕಂಡಂತಿವೆ.

ನಿನ್ನೆ ಸಂಜೆ ತಂಡವು ಇಷ್ಟದ ಪದ್ಧತಿಯಲ್ಲಿ ಊಟದ ಹಾಲ್ ಪ್ರವೇಶಿಸಿದಾಗ ಮೇಜುಗಳು ಭರ್ತಿಯಾಗಿದ್ದವು. ಸದಸ್ಯರು ಕಲ್ಯಾಣ ಮಂಟಪದ ಪದ್ಧತಿಯಂತೆ, ಉಣ್ಣುತ್ತಿದ್ದವರ ಕುರ್ಚಿಗಳ ಬೆನ್ನ ಹಿಂದೆ ಒಬ್ಬೊಬ್ಬರಾಗಿ ನಿಂತು ಮುಂದಿನ ಪಂಕ್ತಿಗೆ ಜಾಗ ಹಿಡಿದರು. ಅಲ್ಲೊಂದು ಮೇಜಿನಲ್ಲಿದ್ದ ದಂಪತಿಗಳು ಇವರನ್ನು ಹಡಗಿನ ಸಿಬ್ಬಂದಿಯೆಂದು ತಿಳಿದು ನೀರು ಕೇಳಿದ್ದು, ಶ್ರೀಮತಿ ಮುನಿವೆಂಕಟಮ್ಮನವರು ತಂದುಕೊಟ್ಟಿರುತ್ತಾರೆ. ಆ ಬಳಿಕ ಶ್ರೀ ರಾಮಾಂಜಿನಪ್ಪನವರು ಬಗ್ಗಿ ಅವರ ತಟ್ಟೆ ನೋಡಿ "ಮಜ್ಜಿಗೆ ಬಂತಾ ಸಾಮಿ?" ಎಂದು ಪ್ರೀತಿಯಿಂದಲೇ ವಿಚಾರಿಸಿದರು. ದಂಪತಿಗಳು ಊಟ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಖಾಲಿಯಾದ ಮೇಜಿನ ಮುಂದೆ ತಂಡದವರು "ನೀವು ಕೂತ್ಕಳಿ", "ಇಲ್ಲ, ನೀವು ದೊಡ್ಡೋರು, ನೀವ್ ಕೂತ್ಕಳಿ", "ಅಯ್ಯೋ ಮೊದ್ಲು ನೀವು" ಎಂದು ಪರಸ್ಪರ ಉಪಚಾರ ಮಾಡಿಕೊಳ್ಳುತ್ತಿರುವಾಗ ಬೇರೊಂದು ಕುಟುಂಬ ಬಂದು ಅದೇ ಮೇಜಿಗೆ ಕುಳಿತು ಸೂಪ್ ಕುಡಿಯತೊಡಗಿತು.

ಕೊನೆಗೆ ಮೂಲೆಯ ಮೇಜು ಸಿಕ್ಕಿತು. ಎಲ್ಲರೂ ಕುಳಿತರು, ಶ್ರೀಮತಿ ಆದಿಲಕ್ಷ್ಮಮ್ಮನವರು ಮಾತ್ರ ಕೂರಲಿಲ್ಲ. ಬಡಿಸುವವನ ಕೈಯಿಂದ ಅನ್ನದ ಬಟ್ಟಲು ಇಸಿದುಕೊಂಡು ತಾವೇ ಎಲ್ಲರಿಗೂ ಬಡಿಸಿ, "ನಂದು ಆಮೇಲೆ" ಎಂದರು. ಮದುವೆಯಾದಂದಿನಿಂದ ಅವರ ಊಟ ಆಮೇಲಿನದೇ ಆಗಿರುತ್ತದೆ. ಮನೆಯಲ್ಲಿ ಕೆಳಸಹಿದಾರರು ಉಂಡು ಕೈ ತೊಳೆದು ವಾರ್ತೆ ನೋಡಲು ಕುಳಿತ ಮೇಲೆಯೇ ಅವರು ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಳ್ಳುವುದು ರೂಢಿ. ಅವರು ಊಟ ಮಾಡುವುದನ್ನು ಕೆಳಸಹಿದಾರರು ನೋಡಿದ ಬಗ್ಗೆ ಯಾವ ದಾಖಲೆಯೂ ಲಭ್ಯವಿರುವುದಿಲ್ಲ.

ಕೋಣೆಗೆ ಮರಳಿದ ಕೆಳಸಹಿದಾರರು ಮರೆತುಬಂದ ಕನ್ನಡಕಕ್ಕಾಗಿ ಮತ್ತೆ ಊಟದ ಹಾಲ್‌ಗೆ ಹೋದಾಗ, ಆದಿಲಕ್ಷ್ಮಮ್ಮನವರು ಕಿಟಕಿ ಪಕ್ಕ ಕುಳಿತು, ಪರಿಚಯವೇ ಇಲ್ಲದ ತಮಿಳು ಹೆಂಗಸೊಬ್ಬರ ಜೊತೆ ನಗುತ್ತಾ ಉಣ್ಣುತ್ತಿದ್ದರು. ಹಪ್ಪಳವನ್ನು ಅನ್ನದ ಮೇಲೆ ಪುಡಿ ಮಾಡಿಕೊಳ್ಳುತ್ತಾರೆ. ಉಪ್ಪಿನಕಾಯಿಯ ಹೋಳನ್ನು ಕೊನೆಯ ತುತ್ತಿಗೆಂದು ತಟ್ಟೆಯ ಅಂಚಿನಲ್ಲಿ ಉಳಿಸಿಕೊಳ್ಳುತ್ತಾರೆ. ಈ ಸಂಗತಿಗಳು ಕೆಳಸಹಿದಾರರ ಗಮನಕ್ಕೆ ಬಂದದ್ದು ಇದೇ ಮೊದಲು. ಅವರಿಗೆ ಸಂತೋಷವಾಯಿತು, ಜೊತೆಗೆ ಎದೆಯಲ್ಲಿ ಬೇರೇನೋ ಆಯಿತು. ಎರಡನೆಯದನ್ನು ಸದ್ಯಕ್ಕೆ 'ಇತರೆ' ಶೀರ್ಷಿಕೆಯಡಿ ಇರಿಸಲಾಗಿದೆ. ಕನ್ನಡಕ ಅವರ ಜೇಬಿನಲ್ಲಿಯೇ ಇತ್ತು.

ನಿಗದಿ ಪದ್ಧತಿಯಲ್ಲಿ 'ಆಮೇಲೆ' ಎಂಬುದೇ ಇರುವುದಿಲ್ಲ. ಅದಿದ್ದರೆ ಆದಿಲಕ್ಷ್ಮಮ್ಮನವರು ಎಲ್ಲರ ಜೊತೆ ಕೂರಲೇಬೇಕಾಗುತ್ತದೆ. ಇದನ್ನು ಅವರಿಗೆ ಬಾಯಿಮಾತಿನಲ್ಲಿ ತಿಳಿಸಲು ಕೆಳಸಹಿದಾರರು ಇಂದು ಬೆಳಿಗ್ಗೆ ಲಿಫ್ಟಿನ ಬಳಿ ಪ್ರಯತ್ನಪಟ್ಟರು. ಅವರು "ಬೀಪಿ ಮಾತ್ರೆ ತಗಂಡ್ರಾ?" ಎಂದು ಕೇಳಿದ್ದರಿಂದ ಮಾತು ಬೇರೆಡೆಗೆ ಹೋಯಿತು. ಆದಕಾರಣ ಸುತ್ತೋಲೆ ಅನಿವಾರ್ಯವಾಗಿ ಈ ಕೆಳಕಂಡಂತೆ ಅಪ್ಪಣೆಯಾಗಿದೆ.

1. ಇಂದಿನಿಂದ ತಂಡವು ನಿಗದಿ ಪದ್ಧತಿಗೆ ಒಳಪಟ್ಟಿರುತ್ತದೆ. ಹಸಿವು ನಿಗದಿತ ವೇಳೆಗೆ ಮುಂಚಿತವಾಗಿ ಬಂದಲ್ಲಿ ಅದನ್ನು ಮಹಡಿಯ ಮೇಲೆ ಅಡ್ಡಾಡಿಸಿ, ವೇಳೆಗೆ ಸರಿಯಾಗಿ ಹಾಜರುಪಡಿಸತಕ್ಕದ್ದು.

2. ಉಣ್ಣುತ್ತಿರುವ ಅನ್ಯರ ಬೆನ್ನ ಹಿಂದೆ ನಿಲ್ಲುವುದು, ಕೆಮ್ಮುವುದು, ನಿಟ್ಟುಸಿರು ಬಿಡುವುದು ಮತ್ತು ಮಜ್ಜಿಗೆಯ ಬಗ್ಗೆ ವಿಚಾರಿಸುವುದನ್ನು ನಿಷೇಧಿಸಲಾಗಿದೆ.

3. ಕುರ್ಚಿಯ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುವುದು ದೊಡ್ಡಬಳ್ಳಾಪುರದ ಬಸ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ಶ್ರೀ ರಾಮಾಂಜಿನಪ್ಪನವರು ಈಗಾಗಲೇ ಈಜುಕೊಳದ ಬಳಿಯ ಮಂಚಗಳ ಮೇಲೆ ಹಾಕಿರುವ ಟವೆಲುಗಳನ್ನು, ಅವುಗಳ ಕೆಳಗೆ ಯಾರೂ ಮಲಗಿಲ್ಲವೆಂದು ಖಚಿತಪಡಿಸಿಕೊಂಡು ಹಿಂಪಡೆಯುವುದು.

4. ಹಡಗಿನಲ್ಲಿ ಮುದ್ದೆ ದೊರೆಯುವುದಿಲ್ಲ. ಮೇಜಿನ ಮೇಲಿಡುವ ದುಂಡನೆಯ ಬನ್ನು ಆಕಾರದಲ್ಲಿ ಮುದ್ದೆಯನ್ನು ಹೋಲುತ್ತದೆಯಾದರೂ ಅದನ್ನು ಸೂಪಿನಲ್ಲಿ ಅದ್ದಿ, ಅಗಿಯದೆ ನುಂಗತಕ್ಕದ್ದಲ್ಲ. ನಿನ್ನೆ ಶ್ರೀ ರಾಮಾಂಜಿನಪ್ಪನವರ ಗಂಟಲಲ್ಲಿ ಸಿಕ್ಕಿಕೊಂಡದ್ದು ಇದೇ. ಶ್ರೀಮತಿ ಮುನಿವೆಂಕಟಮ್ಮನವರು ಸೀರೆಗಳ ನಡುವೆ ಇಟ್ಟು ತಂದಿರುವ ರಾಗಿ ಹಿಟ್ಟಿನ ಬಗ್ಗೆ ಶಾಖೆಗೆ ಯಾವ ಮಾಹಿತಿಯೂ ಇಲ್ಲ. ಅದರಿಂದ ಮುದ್ದೆ ತಯಾರಾದಲ್ಲಿ ಶಾಖೆಗೆ ಒಂದನ್ನು ಮಾದರಿಗಾಗಿ ಸಲ್ಲಿಸುವುದು.

5. ಮೇಜಿನ ಬಳಿ "ನೀವು ಕೂತ್ಕಳಿ" ಎಂಬ ಉಪಚಾರವನ್ನು ತಲಾ ಒಂದು ಬಾರಿಗೆ ಮಿತಿಗೊಳಿಸಲಾಗಿದೆ. ಉಪಚಾರಕ್ಕೆ ಪ್ರತ್ಯುಪಚಾರ ಮಾಡಬೇಕೆನಿಸಿದಲ್ಲಿ ಕುಳಿತುಕೊಂಡು ಮಾಡುವುದು.

6. ದೂರದ ದ್ವೀಪವೊಂದರವನಾದ ಬಡಿಸುವವನ ಹೆಸರು ಬಾಯಿಗೆ ಹೊರಳದ ಕಾರಣ ಶ್ರೀಮತಿ ಮುನಿವೆಂಕಟಮ್ಮನವರು ಅವನಿಗೆ ಮುನಿಕೃಷ್ಣ ಎಂದು ನಾಮಕರಣ ಮಾಡಿದ್ದು, ಅವನೂ ಓಗೊಡುತ್ತಿರುವುದರಿಂದ ಅದನ್ನು ಊರ್ಜಿತಗೊಳಿಸಲಾಗಿದೆ. ಅವನನ್ನು "ಯಾವೂರಪ್ಪ ನಿಂದು, ಮದ್ವೆ ಆಗೈತಾ" ಎಂದು ಪ್ರವಾಸದ ಅವಧಿಯಲ್ಲಿ ಒಮ್ಮೆ ಮಾತ್ರ ಕೇಳಬಹುದು. "ನೀನೂ ಕೂತ್ಕಂಡು ಉಣ್ಣಪ್ಪಾ, ಬಡವಾಗಿದ್ದೀಯ" ಎಂದು ಕೈ ಹಿಡಿದು ಕುರ್ಚಿಗೆ ಎಳೆಯತಕ್ಕದ್ದಲ್ಲ. ನಿನ್ನೆ ಅವನು ಕಣ್ಣು ಒರೆಸಿಕೊಂಡದ್ದು ಅಮ್ಮನ ನೆನಪಿಗೋ ಉಪ್ಪಿನಕಾಯಿಯ ಖಾರಕ್ಕೋ ಎಂಬುದು ಪರಿಶೀಲನೆಯಲ್ಲಿದೆ.

7. ಹಿರಿಯರು ಏಳುವವರೆಗೆ ಪಂಕ್ತಿಯಿಂದ ಯಾರೂ ಏಳಬಾರದೆಂಬ ನಮ್ಮ ಕಡೆಯ ಪದ್ಧತಿ ಹಡಗಿನಲ್ಲೂ ಜಾರಿಯಲ್ಲಿರುತ್ತದೆ. ಆದರೆ ನಿನ್ನೆ ಶ್ರೀ ರಾಮಾಂಜಿನಪ್ಪನವರು ಪಾಯಸದ ನಂತರ ಕುರ್ಚಿಯಲ್ಲಿಯೇ ನಿದ್ರೆಗೆ ಜಾರಿದ್ದರಿಂದ, ಮೇಜುಬಟ್ಟೆ ತೆಗೆದ ಮೇಲೂ ತಂಡವು ಎಂಜಲು ಕೈಯಲ್ಲಿ ಕುಳಿತೇ ಇರಬೇಕಾಯಿತು. ಆದ್ದರಿಂದ ಅವರ ಮೊದಲ ಗೊರಕೆಯನ್ನು ಎದ್ದಂತೆಯೇ ಪರಿಗಣಿಸಿ ಉಳಿದವರು ಕೈ ತೊಳೆಯಬಹುದು. ಎರಡನೇ ಗೊರಕೆಗೆ ಶ್ರೀ ಕೆಂಪರಾಜು ಅವರು ತಂದೆಯವರನ್ನು ಕೋಣೆಗೆ ಸಾಗಿಸುವುದು.

8. ಫೋರ್ಕನ್ನು ಎಡಗೈಯಲ್ಲಿ ಹಿಡಿಯಬೇಕೆಂದು ಹಡಗಿನವರು ತಿಳಿಸಿರುತ್ತಾರೆ. ಎಡಗೈಯಲ್ಲಿ ಉಣ್ಣುವುದು ಸಲ್ಲದಾದ ಕಾರಣ, ಫೋರ್ಕನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಉಣ್ಣಲು ತೀರ್ಮಾನಿಸಲಾಗಿದೆ. ಇದರಿಂದ ಯಾರ ಮನಸ್ಸಿಗೂ ನೋವಾಗುವುದಿಲ್ಲ.

9. ಶ್ರೀಮತಿ ಆದಿಲಕ್ಷ್ಮಮ್ಮನವರಿಗೆ ಸಂಬಂಧಿಸಿದಂತೆ:
(ಅ) ಇವರು ಮೇಜಿನ ಬಳಿ ಸೌಟು, ಬಟ್ಟಲು, ನೀರಿನ ಹೂಜಿ ಅಥವಾ ಬಡಿಸಲು ಬರುವ ಯಾವುದೇ ಪಾತ್ರೆಯನ್ನು ಮುಟ್ಟತಕ್ಕದ್ದಲ್ಲ. ಶ್ರೀ ಮುನಿಕೃಷ್ಣ ಅವರು ಬಟ್ಟಲನ್ನು ಬಿಗಿಯಾಗಿ ಹಿಡಿದುಕೊಳ್ಳುವುದು.
(ಆ) "ನಂದು ಆಮೇಲೆ", "ನೀವೆಲ್ಲ ಉಣ್ಣಿ", "ನಂಗಿನ್ನೂ ಹಸಿವಿಲ್ಲ" ಎಂಬ ಮೂರು ಹೇಳಿಕೆಗಳನ್ನು ಅನೂರ್ಜಿತಗೊಳಿಸಲಾಗಿದೆ.
(ಇ) ಅವರಿಗೆ ಮೊದಲ ತುತ್ತಿನ ಅನ್ನವನ್ನು ಕೆಳಸಹಿದಾರರೇ ಬಡಿಸತಕ್ಕದ್ದು. ಈ ಕೆಲಸದಲ್ಲಿ ಕೆಳಸಹಿದಾರರಿಗೆ ಪೂರ್ವಾನುಭವವಿಲ್ಲ. ಮೇಜಿನ ಮೇಲೆ ಚೆಲ್ಲುವ ಅನ್ನದ ಬಗ್ಗೆ ಯಾರೂ ನಗತಕ್ಕದ್ದಲ್ಲ, ವಿಶೇಷವಾಗಿ ಶ್ರೀ ಕೆಂಪರಾಜು.
(ಈ) ಹಪ್ಪಳ ಎರಡು ನೀಡುವುದು. ಉಪ್ಪಿನಕಾಯಿ ತಟ್ಟೆಯ ಅಂಚಿಗೆ.

10. ಕೆಳಸಹಿದಾರರ ಎದುರು ಕುರ್ಚಿಯನ್ನು ಶ್ರೀಮತಿ ಆದಿಲಕ್ಷ್ಮಮ್ಮನವರಿಗೆ ಖಾಯಂ ಆಗಿ ಮಂಜೂರು ಮಾಡಲಾಗಿದೆ. ಬೇರಾರೂ ಅದರಲ್ಲಿ ಕೂರುವುದಾಗಲಿ, ಕರ್ಚೀಫು ಇಡುವುದಾಗಲಿ ಸಲ್ಲದು. ಎದುರೇ ಏಕೆ ಎಂದು ಕೇಳಿದಲ್ಲಿ, ಅವರು ಉಣ್ಣುವುದನ್ನು ನೋಡಬೇಕೆಂಬುದು ಕೆಳಸಹಿದಾರರ ಆಸೆ. ಇದನ್ನು ಇನ್ನೂ ಸೂಕ್ತವಾದ ಭಾಷೆಯಲ್ಲಿ ಬರೆಯಲು ಯತ್ನಿಸಿ ವಿಫಲವಾಗಿರುವುದರಿಂದ ಹಾಗೆಯೇ ಬಿಡಲಾಗಿದೆ.

11. ಊರಿಗೆ ಮರಳಿದ ಮೇಲೆ ಈ ಪದ್ಧತಿ ದೊಡ್ಡಬಳ್ಳಾಪುರದ ಮನೆಗೂ ಅನ್ವಯಿಸುವುದೇ ಎಂಬ ಪ್ರಶ್ನೆಗೆ ಹೌದು ಎಂದು ಸ್ಪಷ್ಟಪಡಿಸಲಾಗಿದೆ. ವಾರ್ತೆಯನ್ನು ಊಟದ ನಂತರ ಇಬ್ಬರೂ ನೋಡುವುದು.

12. ಶ್ರೀಮತಿ ಆದಿಲಕ್ಷ್ಮಮ್ಮನವರಿಗೆ ಇದು ಒಪ್ಪಿಗೆಯಿಲ್ಲವಾದಲ್ಲಿ, ಸಂಜೆ ಚೀಟಿ ಕೊಡುವ ಮೊದಲೇ ತಿಳಿಸುವುದು. ಅಂಥ ಸಂದರ್ಭದಲ್ಲಿ ಮೇಲಿನ ಎಲ್ಲ ಅಂಶಗಳೂ ತಾವಾಗಿಯೇ ರದ್ದಾಗುತ್ತವೆ, ಬನ್ನಿನ ಕುರಿತ ಅಂಶವನ್ನು ಹೊರತುಪಡಿಸಿ.

ಸಹಿ/-
(ಸಂಜೀವಪ್ಪ)
ಶಾಖಾಧಿಕಾರಿ, ಅಧೀಕ್ಷಕ, ಗುಮಾಸ್ತ ಹಾಗೂ ಜವಾನ (ಎಲ್ಲವೂ ಪ್ರಭಾರ)
ಊಟೋಪಚಾರ ಮತ್ತು ಪಂಕ್ತಿ ಶಾಖೆ

ಪ್ರತಿಗಳು:

1. ಹಡಗಿನ ಕಪ್ತಾನರಿಗೆ, ಅವರು ಸಿಕ್ಕಲ್ಲಿ.

2. ಶ್ರೀ ರಾಮಾಂಜಿನಪ್ಪನವರಿಗೆ, ಎಚ್ಚರವಾದ ಮೇಲೆ ಓದಿ ಹೇಳಲು. (ಓದಿ ಹೇಳಲಾಯಿತು. "ನೆಟ್ಟಗೆ ಹೆಂಡ್ತಿ ಜೊತೆ ಉಣ್ಬೇಕು ಅಂದಿದ್ರೆ ಆಗ್ತಿರ್ಲಿಲ್ವೇನ್ಲಾ, ಇಷ್ಟುದ್ದ ಬರ್ದಿದ್ದೀಯ" ಎಂದು ಷರಾ ನೀಡಿ, ತಮ್ಮ ಮತವನ್ನು ಬದಲಿಸಿರುತ್ತಾರೆ.)

3. ಶ್ರೀ ಕೆಂಪರಾಜು ಅವರಿಗೆ ವಾಟ್ಸಾಪ್ ಮೂಲಕ. ಹೆಬ್ಬೆರಳಿನ ಚಿತ್ರ ಕಳುಹಿಸಿದರೆ ಸಾಲದು, ಓದತಕ್ಕದ್ದು.

4. ಶ್ರೀಮತಿ ಮುನಿವೆಂಕಟಮ್ಮನವರಿಗೆ, ಮಾದರಿ ಮುದ್ದೆಯ ನಿರೀಕ್ಷೆಯಲ್ಲಿ.

5. ಶ್ರೀ ಮುನಿಕೃಷ್ಣ ಅವರಿಗೆ, ಕೈಸನ್ನೆಯ ಮೂಲಕ.

6. ಶ್ರೀಮತಿ ಆದಿಲಕ್ಷ್ಮಮ್ಮನವರಿಗೆ, ಖುದ್ದಾಗಿ. (ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಹಿಂಬದಿಯಲ್ಲಿ ತಮ್ಮ ಕೈಬರಹದಲ್ಲಿ ಈ ಕೆಳಕಂಡಂತೆ ಬರೆದು ಹಿಂತಿರುಗಿಸಿರುತ್ತಾರೆ: "ಬೆಳಿಗ್ಗೆ ತಿಂಡಿ ನಂಗಿಷ್ಟ ಬಂದಾಗ, ಆ ತಮಿಳ್ನೋರ ಜೊತೆ. ರಾತ್ರಿ ನಿಮ್ ಜೊತೆ ಕೂತ್ಕತೀನಿ, ಸೌಟು ಮುಟ್ಟಲ್ಲ. ಆದ್ರೆ ಎದ್ರಿಗೆ ಬ್ಯಾಡ, ಪಕ್ಕದಾಗೆ ಕೂತ್ಕತೀನಿ. ಎದ್ರಿಗೆ ಕೂತ್ರೆ ನೀವು ಉಣ್ಣೋದ್ ಬಿಟ್ಟು ನನ್ನೇ ನೋಡ್ತಾ ಕೂತ್ಕತೀರ, ಅನ್ನ ಆರೋಗ್ತದೆ.")

7. ಕಚೇರಿ ಪ್ರತಿ. ಮೇಲ್ಕಂಡ ಷರಾವನ್ನು ಅಂಗೀಕರಿಸಲಾಗಿದೆ. ಕುರ್ಚಿಯನ್ನು ಪಕ್ಕಕ್ಕೆ ಸರಿಸಲಾಗಿದೆ.