ಮಂದೆಯಲ್ಲಿ ಮೇಯುವ ಮೂಳೆಗಳು

ಮಧುಗಿರಿಯ ನಮ್ಮ ನರ್ಸಿಂಗ್ ಶಾಲೆಯ ಸ್ಟಾಫ್ ರೂಮಿನಲ್ಲಿ ಅವತ್ತು ಇದ್ದವರು ಮೂವರೇ: ನಾನು, ಮಂಜುಳ ಎಂಬ ವಿದ್ಯಾರ್ಥಿನಿ, ಮೂಲೆಯಲ್ಲಿ ಕೊಕ್ಕೆಗೆ ನೇತಾಡುವ ಅಸ್ಥಿಪಂಜರ. ಮೂವರಲ್ಲಿ ನೆಮ್ಮದಿಯಾಗಿದ್ದದ್ದು ಅದೊಂದೇ. ಮಂಜುಳ ಅಂಗರಚನೆಯಲ್ಲಿ ಒಮ್ಮೆ ಫೇಲಾಗಿದ್ದಳು. ನಿಡುಗಲ್ ಕಡೆಯ ಅವಳಪ್ಪ ಈರಣ್ಣ, "ಇನ್ನೊಂದ್ ಸಲ ಡುಮ್ಕಿ ಹೊಡುದ್ರೆ ಬಂದ್ಬುಡು ಕಣಮ್ಮ, ಕುರಿ ಎಂಗೂ ಅವೆ" ಅಂದುಬಿಟ್ಟಿದ್ದ.

ನಾನೋ, ಆಗಷ್ಟೇ ಒಂದು ತರಬೇತಿಗೆ ಹೋಗಿಬಂದಿದ್ದೆ. ಕೆಲವರು ನೋಡಿ ಕಲಿಯುತ್ತಾರಂತೆ, ಕೆಲವರು ಕೇಳಿ, ಕೆಲವರು ಕೈಯಲ್ಲಿ ಮಾಡಿ. ಬಂದವನೇ ತರಗತಿಯನ್ನು ರಾಗಿ ಜರಡಿ ಹಿಡಿದಂತೆ ವಿಂಗಡಿಸಿದ್ದೆ. ನೋಡಿ ಕಲಿಯುವ ಶಿರಾದ ಹುಡುಗಿ ಮನೆ ತುಂಬ ತಲೆಬುರುಡೆಯ ಚಿತ್ರ ಅಂಟಿಸಿದಳು. ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ಮುಟ್ಟದೆ ಎದ್ದುಹೋದರಂತೆ. ಕೇಳಿ ಕಲಿಯುವ ಕೊರಟಗೆರೆಯವಳು ಪಾಠವನ್ನು ಮೊಬೈಲಿಗೆ ತುಂಬಿಸಿ ದಿನವೂ ಹಾಕಿದಳು. ಈಗ ಅವಳಜ್ಜಿ ಅವರೆಕಾಯಿ ಸುಲಿಯುತ್ತ ಬೆನ್ನುಮೂಳೆಗಳನ್ನು ಮೇಲಿಂದ ಕೆಳಗೆ ಒಪ್ಪಿಸುತ್ತಾರೆ. ಮೊಮ್ಮಗಳಿಗಿನ್ನೂ ಬಂದಿಲ್ಲ. ಮಂಜುಳ ಮಾತ್ರ ಯಾವ ಜರಡಿಗೂ ಸಿಗಲಿಲ್ಲ.

"ಮತ್ತೆ ನಿನಗೆ ಏನು ನೆನಪಿರುತ್ತಮ್ಮ?" ಎಂದೆ ಸೋತು.

"ಕುರಿ ಹೆಸ್ರು ಸಾರ್. ಒಂದೂ ಮರೆಯಾಕಿಲ್ಲ."

"ಹಾಗಾದರೆ ಮೂಳೆ ಹೆಸರು ಕುರಿಗೇ ಇಟ್ಟುಬಿಡು."

ರೇಗಿ ಆಡಿದ ಮಾತು. ಆಕೆ ಬರೆದುಕೊಂಡಳು.

ಯುಗಾದಿ ರಜೆ ಮುಗಿದ ಮೇಲೆ ಈರಣ್ಣನ ಫೋನು. "ಇದೇನ್ ಕರ್ಮ ಸಾರ್. ಹಳೇ ಹೆಸ್ರಿಗೆ ಒಂದ್ ಕುರೀನೂ ತಿರುಗಾಕಿಲ್ಲ. ಬೆಟ್ಟದ್ ಮ್ಯಾಲ್ ನಿಂತು ಫೀಮರ್, ಫೀಮರ್ ಅಂತ ಕೂಗಿದ್ರೆ ಊರೋರು ನಂಗೇ ಏನೋ ಆಗೈತೆ ಅಂತವ್ರೆ." ಪರೀಕ್ಷೆ ಮುಗಿಯುವವರೆಗೆ ಸುಧಾರಿಸಿಕೋ ಎಂದು ಕೈಮುಗಿದೆ, ಫೋನಿನಲ್ಲೇ.

ಪರೀಕ್ಷೆಗೆ ಹೊರಗಿನಿಂದ ಬಂದವರು ನಗು ಅರಿಯದ ಹಿರಿಯರು. ಸ್ಟಾಫ್ ರೂಮಿನಲ್ಲೇ ಕುಳಿತು ಒಂದು ಮೂಳೆ ಎತ್ತಿ ಮಂಜುಳಾಳ ಕೈಗಿತ್ತರು. ಅವಳು ಕಣ್ಣು ಮುಚ್ಚಿದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಅಲ್ನಾ ಸಾರ್. ಮುಂಗೈದು."

"ಇದರ ಜೊತೆಗಿರೋದು?"

"ರೇಡಿಯಸ್ ಸಾರ್. ಅಲ್ನಾ ನಿಂತ ಕಡೆ ನಿಂತಿರ್ತೈತೆ. ರೇಡಿಯಸ್ಸೇ ಅದರ ಸುತ್ತ ತಿರುಗೋದು."

ಹಿರಿಯರು ತಲೆದೂಗಿದರು. "ಭೇಷ್. ತೊಡೆ ಮೂಳೆ?"

"ಫೀಮರ್ ಸಾರ್. ಎಲ್ಲದಕ್ಕಿಂತ ದೊಡ್ಡದು. ಈಗ ಗಬ್ಬ ಆಗೈತೆ."

ಪರೀಕ್ಷಕರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಅಸ್ಥಿಪಂಜರದ ಮುಖ ನೋಡಿದೆ. ಕೊನೆಗೆ ಅವರೇನು ಅಂದುಕೊಂಡರೋ, ಮಂಜುಳ ಪಾಸಾದಳು. ನನ್ನ ಜರಡಿಗೆ ನಾಲ್ಕನೆಯ ಕಣ್ಣು ಸಿಕ್ಕಿತೆಂದು ನಾನು ಎಲ್ಲರ ಬಳಿ ಹೇಳಿಕೊಂಡು ತಿರುಗಿದೆ.

ಮೊನ್ನೆ ಈರಣ್ಣ ಮತ್ತೆ ಫೋನ್ ಮಾಡಿದ. "ಫೀಮರ್ ಈದೈತೆ ಸಾರ್, ಗಂಡ್ಮರಿ. ನಿಮ್ಮೆಸ್ರೇ ಇಕ್ಕಿವ್ನಿ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. "ಮರಿ ಹೆಂಗಿದೆ ಈರಣ್ಣ?"

"ಗುಂಡುಗುಂಡ್ಗೆ ಚೆನ್ನಾಗೈತೆ ಸಾರ್. ಬೆಳಗಿಂದ ಬೈಗಿನ್ ಗಂಟ ಒಂದೇ ಸಮ ಅರಚ್ತೈತೆ. ಒಂದು ಕುರಿನಾದ್ರೂ ತಲೆ ಎತ್ತಿ ನೋಡಾಕಿಲ್ಲ."