ಭಾವನ ಯಂತ್ರ, ಅಕ್ಕನ ಷಡ್ಜ

ನಮ್ಮ ಭಾವನಿಗೆ ಒಂದೇ ಒಂದು ದುರಭ್ಯಾಸವಿಲ್ಲ. ಒಂದಾದರೂ ಇದ್ದಿದ್ದರೆ ನಮ್ಮಕ್ಕ ಸುಖವಾಗಿರುತ್ತಿದ್ದಳು! ಕುಡಿದವರ ಅಮಲು ಬೆಳಿಗ್ಗೆಗಾದರೂ ಇಳಿಯುತ್ತದೆ. ಸಂಶೋಧನೆಯ ಅಮಲು ಇಳಿಯುವುದುಂಟೇ?

ಚೆನ್ನೈನ ಕ್ರೋಂಪೇಟೆಯ ಕಡೆ ಒಂದು ಕಾಲೇಜಿನಲ್ಲಿ ಅವರು ಮೇಷ್ಟರಾಗಿದ್ದರು. ಕಂಪ್ಯೂಟರು ತನ್ನನ್ನು ತಾನೇ ಹದ ಮಾಡಿಕೊಳ್ಳುವುದು ಹೇಗೆ ಎಂಬುದು ಅವರ ವಿಷಯ. ಅದರೊಳಗೆ ನೂರಾರು ಸೆಟ್ಟಿಂಗ್ ಇರುತ್ತವಂತೆ. ಒಂದನ್ನು ಚೂರು ಬದಲಿಸು, ಓಟ ಚುರುಕಾಯಿತೇ ನೋಡು, ಆಗದಿದ್ದರೆ ಇನ್ನೊಂದನ್ನು ಬದಲಿಸು. ಕಾಲೇಜಿನಲ್ಲೇ ಬದಲಿಸಿಕೊಂಡಿದ್ದರೆ ನಮ್ಮ ತಕರಾರೇನೂ ಇರಲಿಲ್ಲ. ಅದನ್ನು ವೆಸ್ಟ್ ಮಾಂಬಲಂನ ಮನೆಗೂ ತಂದರು. ಒಂದು ದಿನ ಕಾಫಿಗೆ ಚಿಕೋರಿ ಜಾಸ್ತಿ, ಮರುದಿನ ನೀರು ಕಡಿಮೆ. ಕುಡಿದವರೆಲ್ಲ ಅಂಕ ಕೊಡಬೇಕು! ತಿಂಗಳ ಕೊನೆಗೆ ಹೆಚ್ಚು ಅಂಕ ಗಿಟ್ಟಿಸಿದ ಕಾಫಿ ಯಾವುದು ಗೊತ್ತೇ? ಭಾವ ಬೆಸೆಂಟ್ ನಗರಕ್ಕೆ ಹೋಗಿದ್ದ ದಿನ ಅಕ್ಕ ಕೈಯಳತೆಯಲ್ಲಿ ಮಾಡಿದ್ದು.

ನಿವೃತ್ತರಾದ ಮೇಲೆ ಸಂಗೀತಕ್ಕೆ ಗಂಟುಬಿದ್ದರು. "ಅದೂ ಸೆಟ್ಟಿಂಗೇ ಕಣಯ್ಯಾ" ಎಂದರು. ಸ್ವರ ಅಳೆಯುವ ಪ್ರೋಗ್ರಾಂ ಬರೆದು ಮೊಬೈಲಿಗೆ ಹಾಕಿಕೊಂಡರು. ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಲೋಕಲ್ ಟ್ರೈನಿನ ಹಾರನ್ ಕೆಂಪು. ಪಕ್ಕದ ಫ್ಲಾಟಿನ ಮಾಮಿಯ ಕುಕ್ಕರ್ ಕೂಗಿದರೆ ಅದೂ ಕೆಂಪು. ಸುಮ್ಮನಿರಬಾರದೇ? ಬೆಲ್ ಒತ್ತಿ ತಿಳಿಸಿಬಂದರು! "ಸಾಂಬಾರ್ ನಲ್ಲಾ ಇರುಕ್ಕು ಸಾರ್, ಅದು ಪೋದುಂ" ಎಂದು ಮಾಮಿ ಬಾಗಿಲು ಹಾಕಿಕೊಂಡರು. ಸಾಂಬಾರು ಚೆನ್ನಾಗಿದ್ದರೆ ಅವರಿಗೆ ಸಾಕಂತೆ.

ಹಾಗೆ ಮುಖದ ಮೇಲೆ ಬಾಗಿಲು ಹಾಕಲು ನಮ್ಮಕ್ಕನಿಗೆ ಬರುವುದಿಲ್ಲ. ಕೆಟ್ಟದ್ದು ಅಲ್ಲೇ.

ಮದುವೆಯಾದಾಗಿನಿಂದ ಅಕ್ಕ ಬೆಳಿಗ್ಗೆ ಅಮ್ಮನ ತಂಬೂರಿ ಹಿಡಿದು ಹಾಡುತ್ತಿದ್ದಳು. ನಾಲ್ಕು ಹುಡುಗಿಯರಿಗೆ ಪಾಠವನ್ನೂ ಹೇಳುತ್ತಿದ್ದಳು. ಭಾವ ಅವಳೆದುರು ಮೊಬೈಲ್ ಇಟ್ಟರು. ಮೊದಲ ಸ್ವರದಿಂದ ಮಂಗಳದವರೆಗೂ ಕೆಂಪು! ಅವಳನ್ನು ನೋಯಿಸಬೇಕೆಂದೇನಲ್ಲ, ಪಾಪ. ಸಂಶೋಧನೆಗೆ ಸಾಮಗ್ರಿ ಸಿಕ್ಕಿತೆಂದು ಮಗುವಿನಂತೆ ಹಿಗ್ಗಿದರು. ದಿನವೂ ಅಳೆದರು, ದಿನವೂ ತೋರಿಸಿದರು, ಗ್ರಾಫನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. "ಅಪ್ಪಾ, ಪ್ಲೀಸ್, ಪೋದುಂ ಪಾ" ಎಂದು ಮಗಳು ಗೋಗರೆದಳು. ಯಾರು ಕೇಳಬೇಕು?

ಒಂದು ದಿನ ಅಕ್ಕ ತಂಬೂರಿಗೆ ಗವಸು ಹಾಕಿ ಬೀರುವಿನ ಹಿಂದೆ ನಿಲ್ಲಿಸಿದಳು. ಹುಡುಗಿಯರಿಗೆ ಬೇರೆ ಟೀಚರನ್ನು ನೋಡಿಕೊಳ್ಳಲು ಹೇಳಿದಳು. ಕೇಳಿದರೆ, "ಗಂಟಲು ಸರಿಯಿಲ್ಲ ಕಣೋ" ಎಂದಳು. ಎಂಟು ತಿಂಗಳು ಆ ಮನೆಯಲ್ಲಿ ಮಿಕ್ಸಿ ಬಿಟ್ಟರೆ ಬೇರೆ ದನಿಯೇ ಇಲ್ಲ. ಪ್ರತಿ ಭಾನುವಾರ ಹೋಗುತ್ತಿದ್ದೆ, ಊಟ ಮಾಡುತ್ತಿದ್ದೆ, ಅವಳ ಮುಖ ನೋಡಲಾಗದೆ ವಾಪಸಾಗುತ್ತಿದ್ದೆ. ಇನ್ನು ಅವಳು ಹಾಡುವುದಿಲ್ಲ ಎಂದು ನಾನು ಆಸೆ ಬಿಟ್ಟಿದ್ದೆ. ನಿಜ ಹೇಳಬೇಕೆಂದರೆ, ಭಾವನ ಮೇಲೆ ದ್ವೇಷವೇ ಬಂದಿತ್ತು.

ಮೊನ್ನೆ ನೀರಿನ ಬಾಟಲಿಗೆಂದು ಫ್ರಿಜ್ ತೆಗೆಯಲು ಹೋದವನು ಆ ಗ್ರಾಫನ್ನು ಸರಿಯಾಗಿ ನೋಡಿದೆ. ನನಗೆ ಸಂಗೀತವೂ ಬಾರದು, ಕಂಪ್ಯೂಟರೂ ಬಾರದು. ಆದರೂ ಕಣ್ಣಿದೆಯಲ್ಲ!

"ಭಾವ, ಎಲ್ಲಾ ಸ್ವರಾನೂ ನಿಮ್ಮ ಗೆರೆಗಿಂತ ಒಂದೇ ಅಳತೆ ಕೆಳಗಿದೆಯಲ್ಲ? ತಪ್ಪುವವರು ಇಷ್ಟು ಒಪ್ಪವಾಗಿ ತಪ್ಪುತ್ತಾರಾ?"

ಭಾವ ಕನ್ನಡಕ ಹಾಕಿಕೊಂಡು ಬಂದರು. ಬಹಳ ಹೊತ್ತು ನೋಡಿದರು. ಆಮೇಲೆ ಅಕ್ಕನತ್ತ ತಿರುಗಿ ಮೆಲ್ಲಗೆ, "ಏ, ನೀನು ಷಡ್ಜ ಎಲ್ಲಿಗೆ ಇಟ್ಕೊಳ್ತಿದ್ದೆ?" ಎಂದರು.

"ನನ್ನ ಗಂಟಲಿಗೆ ರೀ. ವಯಸ್ಸಾಯ್ತಲ್ಲ, ತಂಬೂರಿ ಒಂಚೂರು ಇಳಿಸಿಕೊಂಡಿದ್ದೆ."

ಹಾಡುವವರು ಷಡ್ಜವನ್ನು ತಮ್ಮ ಗಂಟಲಿಗೆ ಹೊಂದಿಸಿಕೊಳ್ಳುತ್ತಾರೆ, ಉಳಿದ ಸ್ವರಗಳೆಲ್ಲ ಅದರ ಹಿಂದೆ ಬರುತ್ತವೆ. ಮೊದಲ ಪಾಠದ ಮಕ್ಕಳಿಗೂ ಇದು ಗೊತ್ತು. ನಮ್ಮ ಪಂಡಿತರು ಅವಳ ಹಳೆಯ ಷಡ್ಜವನ್ನೇ ಯಂತ್ರದೊಳಗೆ ಬರೆದು ಬೀಗ ಹಾಕಿದ್ದರು! ಅಕ್ಕ ಒಂದು ಸ್ವರವನ್ನೂ ತಪ್ಪಿರಲಿಲ್ಲ.

"ಹೇಳಬಾರದಿತ್ತೇನೇ?" ಎಂದರು ಭಾವ.

"ಮಿಷನ್ನೇ ಹೇಳ್ತಿದೆ, ನನ್ನ ಕಿವೀನೂ ಹೋಯ್ತು ಅಂದ್ಕೊಂಡೆ" ಎಂದಳು ಅಕ್ಕ. ನನಗೆ ಕಣ್ಣು ತುಂಬಿಬಂತು.

ಭಾವ ಒಳಗೆ ಹೋದರು. ಬೀರುವಿನ ಹಿಂದಿನಿಂದ ತಂಬೂರಿ ತಂದು, ಗವಸು ತೆಗೆದು, ತಮ್ಮ ಪಂಚೆಯಿಂದಲೇ ಧೂಳು ಒರೆಸಿ, ನೆಲದ ಮೇಲೆ ಕೂತರು. ಮೊಬೈಲ್ ಮೇಜಿನ ಮೇಲೇ ಉಳಿಯಿತು. ತಂತಿ ಮೀಟಿ, "ಇಷ್ಟು ಸಾಕಾ?" ಎಂದರು.

"ಇನ್ನೊಂಚೂರು ಇಳಿಸಿ."

ಇಳಿಸಿದರು. "ಈಗ?"

"ಇನ್ನೂ ಇಳೀಬೇಕು."

ಮತ್ತೆ ಇಳಿಸಿದರು. ಅಕ್ಕ ಕಣ್ಣು ಮುಚ್ಚಿ ಬಾಯಿ ತೆರೆದಳು. ಎಂಟು ತಿಂಗಳು ಸುಮ್ಮನಿದ್ದ ಗಂಟಲು, ಷಡ್ಜ ಹೊರಟು ನಡುಗಿ ಅರ್ಧಕ್ಕೇ ಒಡೆಯಿತು. ನನ್ನಂಥವನಿಗೂ ಗೊತ್ತಾಯಿತು, ಅದು ಸರಿಯಿರಲಿಲ್ಲ.

ಜೀವಮಾನವಿಡೀ ತಪ್ಪು ಹುಡುಕಿದ ಭಾವ ತಂತಿ ಮೀಟುತ್ತಲೇ ಹೇಳಿದರು: "ಸರಿಯಾಗಿದೆ ಕಣೇ. ಹಾಡು."