ನಲವತ್ತೆರಡನೆಯ ಸ್ಮಾರಕವನ್ನು ಬಿಟ್ಟುಕೊಡುವ ಬಗ್ಗೆ

ಇಂದ:
ದೂರವಾಣಿ ಸಹಾಯಕ,
ಆಂಬುಲೆನ್ಸ್ ನಿಯಂತ್ರಣ ಕೊಠಡಿ,
ನಗರಸಭೆ ಕಟ್ಟಡದ ಹಿಂಭಾಗ

ಗೆ:
ಅಧ್ಯಕ್ಷರು,
ದಿವಂಗತ ನಾಯಕರ ಸ್ಮರಣಾರ್ಥ ನಾಮಕರಣ ಸಮಿತಿ

ವಿಷಯ: ನನ್ನ ಅಕ್ಕನ ಮಗಳನ್ನು ಸ್ಮಾರಕಗಳ ಪಟ್ಟಿಯಿಂದ ಕೈಬಿಡುವ ಕುರಿತು.

ಉಲ್ಲೇಖ: ತಮ್ಮ ಸಮಿತಿಯ ನಿರ್ಣಯ, ಕ್ರಮ ಸಂಖ್ಯೆ 42 (ಕ್ರಮ ಸಂಖ್ಯೆ 41 ಮೀನು ಮಾರುಕಟ್ಟೆ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ,

1. ದಿವಂಗತ ನಾಯಕರ ಮೇಲೆ ನನ್ನ ತಕರಾರೇನೂ ಇಲ್ಲ. ನಮ್ಮ ಬೀದಿಗೆ ನಲ್ಲಿ ಹಾಕಿಸಿದವರು ಅವರೇ. ತೀರಿಕೊಂಡ ದಿನ ನಿಜವಾಗಿಯೂ ಅತ್ತಿದ್ದೇನೆ. ತರುವಾಯ ಒಂದೇ ವರ್ಷದಲ್ಲಿ ತಾವು ನಾಲ್ಕು ವೃತ್ತ, ಎರಡು ಸೇತುವೆ, ಒಂದು ಈಜುಕೊಳ, ಹನ್ನೊಂದು ಬಸ್ ತಂಗುದಾಣ ಇತ್ಯಾದಿ ನಲವತ್ತೊಂದು ಕಡೆ ಅವರ ಹೆಸರಿಟ್ಟಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

2. ಆದರೆ ಫೋನ್ ಮಾಡುವವರೆಲ್ಲ "ನಾಯಕರ ಹತ್ರ ಇದ್ದೀವಿ, ಬೇಗ ಬನ್ನಿ" ಎನ್ನುತ್ತಾರೆ. ಆ ಕಾರಣದಿಂದ ನಮ್ಮ ಕೊಠಡಿಯಲ್ಲಿ ದನಿ ತಗ್ಗಿಸಿ ಹಳೆಯ ಹೆಸರು ಕೇಳುವ ಪದ್ಧತಿ ಬೆಳೆದಿದೆ. ಹಳೆಯ ಹೆಸರುಗಳ ನಕ್ಷೆಯನ್ನು ಕ್ಯಾಲೆಂಡರಿನ ಹಿಂದೆ ತೂಗುಹಾಕಿದ್ದೇವೆ. ತಾವು ತಪಾಸಣೆಗೆ ಬಂದಾಗ ಕ್ಯಾಲೆಂಡರನ್ನು ಬಹಳ ಮೆಚ್ಚಿಕೊಂಡಿರಿ.

3. ಕಳೆದ ತಿಂಗಳ ಒಂಬತ್ತನೇ ತಾರೀಖು ಬೆಳಿಗ್ಗೆ ನನ್ನ ಭಾವ ಫೋನ್ ಮಾಡಿದರು. ಅಕ್ಕನಿಗೆ ಹೆರಿಗೆ ನೋವು ಶುರುವಾಗಿದೆ, ನಾಯಕರ ಬಸ್ ತಂಗುದಾಣದಲ್ಲಿ ಕೂತಿದ್ದಾಳೆ ಎಂದರು. ಯಾವ ತಂಗುದಾಣ, ಹಳೆಯ ಹೆಸರು ಹೇಳಿ ಎಂದು ಅಂಗಲಾಚಿದೆ. ಭಾವ ನಗರಸಭೆಯಲ್ಲಿ ಗುಮಾಸ್ತರು. "ಹಳೇ ಹೆಸರು ಬಳಸಬಾರದು ಅಂತ ಸುತ್ತೋಲೆ ಟೈಪ್ ಮಾಡಿದವನೇ ನಾನು ಕಣಯ್ಯ" ಎಂದರು. ಮನೆಗೆ ಬೆಂಕಿ ಬಿದ್ದರೂ ಅರ್ಜಿ ಬರೆದೇ ನೀರು ಕೇಳುವ ಪೈಕಿ ಅವರು. ಆದ್ದರಿಂದ ನಾನು ಊಹೆಯ ಮೇಲೆ ವಾಹನವನ್ನು ಈಜುಕೊಳದ ಎದುರಿನ ತಂಗುದಾಣಕ್ಕೆ ಕಳಿಸಿದೆ. ಚಾಲಕ ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಆರು ಹೆಂಗಸರನ್ನು ಒಬ್ಬೊಬ್ಬರಾಗಿ ವಿಚಾರಿಸಿ, ಕೊನೆಯವರಿಂದ ಛತ್ರಿಯ ಏಟು ತಿಂದು ವಾಪಸಾದ. ಅಷ್ಟರಲ್ಲಿ ಕಿವುಡ ಟೈಲರ್ ತಿರುವಿನ (ಹಳೆಯ ಹೆಸರಿಗೆ ಕ್ಷಮೆಯಿರಲಿ) ತಂಗುದಾಣದಲ್ಲಿ, ತರಕಾರಿ ಮಾರುವ ಅಜ್ಜಿಯ ಕೈಯಲ್ಲಿ ಮಗು ಹುಟ್ಟಿಯಾಗಿತ್ತು. ತಾಯಿ, ಮಗು ಕ್ಷೇಮ.

4. ಮರುದಿನವೇ ತಾವು ಹಾರ ಸಮೇತ ಆಸ್ಪತ್ರೆಗೆ ಬಂದು, ನಾಯಕರ ತಂಗುದಾಣದಲ್ಲಿ ಜನಿಸಿದ ಪ್ರಥಮ ಶಿಶುವಿಗೆ ನಾಯಕರದೇ ಹೆಸರು ಎಂದು ಘೋಷಿಸಿದಿರಿ. ಹೆಣ್ಣು ಮಗು ಎಂದು ನರ್ಸ್ ತಿಳಿಸಿದ ಮೇಲೆ, ಹೆಸರಿನ ಕೊನೆಗೆ "ಅಮ್ಮ" ಸೇರಿಸಿ ಸ್ಥಳದಲ್ಲೇ ತಿದ್ದುಪಡಿ ಮಾಡಲಾಯಿತು. ಭಾವ ತಿದ್ದುಪಡಿಯನ್ನು ಬರೆದುಕೊಂಡರು. ಮಗುವಿನ ಹೆಸರು ನೋಂದಾಯಿಸಲು ಶುಕ್ರವಾರ ಕಡೆಯ ದಿನ.

5. ಅಕ್ಕ ಹನ್ನೊಂದು ವರ್ಷ ಕಾದು ಹೆತ್ತವಳು. ಮಗುವಿಗೊಂದು ಹೆಸರನ್ನೂ ಅಷ್ಟೇ ವರ್ಷದಿಂದ ಯಾರಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ. "ಅವರಿಗೆ ಊರೆಲ್ಲ ಇದೆ ಕಣೋ. ನನಗೆ ಇದೊಂದೇ" ಎಂದಳು.

6. ನಾಳೆ ಈ ಮಗು ಎಲ್ಲಾದರೂ ಬಿದ್ದು, ಯಾರಾದರೂ ಫೋನ್ ಮಾಡಿ ಹೆಸರು ಹೇಳಿದರೆ, ಸೇತುವೆಯೋ ಮಗುವೋ ಎಂದು ನಾನು ಕೇಳಬೇಕಾಗುತ್ತದೆ. ಅದು ನನ್ನಿಂದಾಗದು.

ಆದಕಾರಣ, ಶುಕ್ರವಾರದೊಳಗೆ ಸದರಿ ಮಗುವನ್ನು ಅದರ ತಾಯಿಗೆ ಬಿಟ್ಟುಕೊಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ, ಸದ್ಯಕ್ಕೆ ಹುಟ್ಟು ಹೆಸರಿನಲ್ಲಿ)

ಲಗತ್ತುಗಳು:
ಅ) ಮಗುವಿನ ಭಾವಚಿತ್ರ, ನಿದ್ದೆಯಲ್ಲಿರುವುದು
ಆ) ಅಕ್ಕನ ಒಪ್ಪಿಗೆ ಪತ್ರ
ಇ) ಭಾವನ ಒಪ್ಪಿಗೆ, ಪೆನ್ಸಿಲಿನಲ್ಲಿ

ವಿಶೇಷ ಕೋರಿಕೆ: ಪಟ್ಟಿಯಲ್ಲಿ ಒಂದು ಸ್ಥಾನ ಖಾಲಿ ಉಳಿಯುವುದೆಂಬ ಆತಂಕವಿದ್ದಲ್ಲಿ, ಮಗುವಿನ ಬದಲಿಗೆ ನನಗೇ ನಾಯಕರ ಹೆಸರಿಡಬಹುದು. ವಯಸ್ಸು ಮೂವತ್ತಾರು, ಅವಿವಾಹಿತ. ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಅಕ್ಕ "ಲೋ" ಅನ್ನುತ್ತಾಳೆ. ಅದಕ್ಕೆ ತಿದ್ದುಪಡಿ ಬೇಕಾಗುವುದಿಲ್ಲ.